ಮಡ್ಡಿ ಹೊಲದ ಹುಲ್ಲು: ಎರಡನೇ ಮಳೆಗಾಲ

ಇಂಡಿ ತಾಲೂಕಿನ ನಮ್ಮ ಮಡ್ಡಿ ಹೊಲವನ್ನು (ತೆಳು ಮಣ್ಣಿನ ಒಣ ನೆಲ) ಹೋದ ವರ್ಷ ನಾಲ್ಕು ತುಂಡು ಮಾಡಿ, ಜಾಲಿ ಮುಳ್ಳಿನ ಬೇಲಿ ಹಾಕಿದ್ದೆವು. ಒಂದರಲ್ಲಿ ದನ, ಕುರಿ ಮೇಯುವಾಗ ಉಳಿದ ಮೂರಕ್ಕೆ ಬಿಡುವು. ಮೇವಿನ ಜೊತೆಗೆ ಮಣ್ಣಿನಲ್ಲಿ ಇಂಗಾಲವೂ ಕೂಡಬೇಕು ಅನ್ನುವುದು ನನ್ನ ಆಸೆ.

ಈ ಸಲ ಹುಲ್ಲಿನ ಬುಡ ದಪ್ಪವಾಗಿದೆ. ಬೋಳು ನೆಲ ಕಡಿಮೆಯಾಗಿದೆ. ಜೋರು ಮಳೆಗೂ ರಾಡಿ ನೀರು ಅಷ್ಟಾಗಿ ಹರಿಯಲಿಲ್ಲ.

ನಮ್ಮೂರ ಕುರಿಗಾರ ಕಾಕಾ ಮೊದಲೇ ಹೇಳಿದ್ದರು: "ತಮ್ಮಾ, ಮೊದಲ ಮಳಿಗೆ ಕುರಿ ಬಿಡಬ್ಯಾಡ. ಹುಲ್ಲು ಬೇರು ಹಿಡೀಲಿ." ಇಡೀ ಕೆಲಸದ ತಿರುಳು ಇದೇ. ಚಿಗುರನ್ನೇ ಮೇಯಿಸಿದರೆ ಹುಲ್ಲು ಬೇರು, ಬುಡದಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಮತ್ತೆ ಎಲೆ ಬಿಡಬೇಕು. ಪದೇ ಪದೇ ಹಾಗಾದರೆ ಬೇರು ಸೊರಗುತ್ತದೆ. ಮಣ್ಣಿಗೆ ಇಂಗಾಲ ಸೇರುವುದು ಹೆಚ್ಚಾಗಿ ಬೇರಿನಿಂದಲೇ ಅಲ್ವಾ? ಸತ್ತ ಬೇರು, ಬೇರು ಸೂಸುವ ರಸ, ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು. ಅದರಲ್ಲಿ ಒಂದಿಷ್ಟು ಜೇಡಿಗೆ ಅಂಟಿಕೊಂಡು ಉಳಿಯುತ್ತದೆ. ಮತ್ತೆ ನೇಗಿಲು ಹೂಡಿದರೆ ಅದೂ ಬೇಗ ಕರಗುತ್ತದೆ.

ಅಳೆಯುವುದು ಮಾತ್ರ ಕಷ್ಟದ ಕೆಲಸ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ, ಅಂದರೆ ಗಿಡ, ಜೀವಿಗಳಿಂದ ಬಂದ ಇಂಗಾಲ, 0.5%ಕ್ಕಿಂತ ಕೆಳಗಿದ್ದರೆ 'ಕಡಿಮೆ', 0.75% ದಾಟಿದರೆ 'ಹೆಚ್ಚು'. ನಮ್ಮದು ಇನ್ನೂ 'ಕಡಿಮೆ'. ಎರಡು ವರ್ಷಕ್ಕೆ ಅಂಕಿ ಏರಲಿ ಅನ್ನುವ ಅವಸರ ನನಗಿಲ್ಲ. ಬರೀ ಶೇಕಡಾ ಸಾಲದು, ಮಣ್ಣಿನ ತೂಕವೂ ಬೇಕು. ಅಳತೆ ಗೊತ್ತಿರುವ ಪೈಪ್ ಬಡಿದು ಮಣ್ಣು ತೆಗೆದು, ಒಣಗಿಸಿ, ಕಲ್ಲು ಜರಡಿ ಹಿಡಿದು ತೂಗುತ್ತೇನೆ. ಘನ ಸೆಂ.ಮೀ.ಗೆ 1.4 ಗ್ರಾಂ ಬಂದರೆ, ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 850 ಟನ್. ಇಂಗಾಲ 0.4% ಇದ್ದದ್ದು 0.5% ಆದರೆ 0.85 ಟನ್ ಕೂಡಿದ ಹಾಗೆ. ಹುಲ್ಲು ಗಾಳಿಯಿಂದ ಹೀರಿದ ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 3 ಟನ್! ಒಣ ಬೀಳು ಅಂತ ಬಿಟ್ಟ ನೆಲಕ್ಕೆ ಇದು ಸಣ್ಣದಲ್ಲ.

ನಮ್ಮ ಮಣ್ಣಿನಲ್ಲಿ ಸುಣ್ಣದ ಹರಳೂ ಜಾಸ್ತಿ. ಅದರಲ್ಲೂ ಇಂಗಾಲವಿದೆ, ಆದರೆ ಅದು ಹುಲ್ಲು ಸೇರಿಸಿದ್ದಲ್ಲ. ಹಾಗಾಗಿ ಸಾವಯವ ಇಂಗಾಲವನ್ನೇ ಬೇರೆಯಾಗಿ ಅಳೆಸುತ್ತೇನೆ. ಹೋಲಿಕೆಗೆ ಪಕ್ಕದ ಗಾಯರಾಣದ ಮಣ್ಣೂ ಬೇಕು. ಅಲ್ಲಿ ವರ್ಷವಿಡೀ ಎಲ್ಲರ ದನ ಮೇಯುತ್ತವೆ.

ಮುಂದಿನ ಮುಂಗಾರಿಗೆ ಹುಲ್ಲಿನ ನಡುವೆ ಸ್ಟೈಲೋ ಬಿತ್ತುತ್ತೇನೆ. ದ್ವಿದಳ ಮೇವು, ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುತ್ತದೆ. ಬೀಜದ ಸಿಪ್ಪೆ ಗಟ್ಟಿ, ಬಿತ್ತುವ ಮೊದಲು ಕೆಲವು ನಿಮಿಷ ಬಿಸಿ ನೀರಿನಲ್ಲಿ ನೆನೆಸಬೇಕು. ಮೊದಲು ಒಂದೇ ತುಂಡಿನಲ್ಲಿ ಹಾಕಿ ನೋಡುವುದು.