ಹಿನ್ನೆಲೆ ಯಾಕೆ ಯಾವಾಗಲೂ ಕೊನೆಯ ಪ್ಯಾರಾದಲ್ಲಿ?

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದುವುದು ನನ್ನ ಕೆಲಸ. ಮಳೆ ಕೈಕೊಟ್ಟ ವರ್ಷ ಕಾವೇರಿ ಸುದ್ದಿಯೇ ಜಾಸ್ತಿ. ‘ಕೆಆರ್‌ಎಸ್ ಮಟ್ಟ 98 ಅಡಿ’ ಅಂದರೆ ಮಂಡ್ಯದವರಿಗೆ ಸಾಕು. ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಅವರಿಗೆ ಬಾಯಿಪಾಠ. ನಾಲೆಗೆ ನೀರು ಬಿಡ್ತಾರಾ ಇಲ್ವಾ ಅಂತ ಓದುತ್ತಲೇ ಲೆಕ್ಕ ಹಾಕುತ್ತಾರೆ. ಬೀದರ್‌ನ ಓದುಗರಿಗೆ 98 ಬರೀ ಒಂದು ಅಂಕಿ.

‘ತೀರ್ಪಿನ ಪ್ರಕಾರ’ ಅಂತ ಬರೆದರೂ ಇದೇ ಪಾಡು. ಯಾವ ತೀರ್ಪು? 2007ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ಕೊಟ್ಟಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ಇನ್ನು ನೀರು ನಿಯಂತ್ರಣ ಸಮಿತಿ ಶಿಫಾರಸು ಮಾಡುತ್ತದೆ, ನೀರು ನಿರ್ವಹಣಾ ಪ್ರಾಧಿಕಾರ ಆದೇಶ ಕೊಡುತ್ತದೆ. ಎರಡನ್ನೂ ಒಂದೇ ವರದಿಯಲ್ಲಿ ತಂದು, ನಾಲ್ಕು ಪ್ಯಾರಾ ಕೆಳಗೆ ‘ಅದು ಸೂಚಿಸಿದೆ’ ಅಂದರೆ ಯಾವುದು ಅಂತ ತಿಳಿಯಬೇಕು? ಬಸ್ಸಿನಲ್ಲಿ ಮೊಬೈಲ್ ಹಿಡಿದವರು ಮೇಲಕ್ಕೆ ಹೋಗಿ ಹುಡುಕುವುದಿಲ್ಲ. ಏನೋ ಒಂದು ಊಹಿಸಿಕೊಂಡು ಮುಂದೆ ಹೋಗುತ್ತಾರೆ. ತಪ್ಪು ಊಹಿಸಿದರು ಅಂತ ನಮಗೆ ಗೊತ್ತೂ ಆಗುವುದಿಲ್ಲ.

‘ಸಚಿವರು ಅಧಿಕಾರಿಗಳ ಜತೆ ಮಾತನಾಡಿದರು. ಅವರು ನೀರು ಬಿಡಲು ಒಪ್ಪಲಿಲ್ಲ.’ ಒಪ್ಪದವರು ಯಾರು? ಇಂಥ ಕಡೆ ಹೆಸರು ಮತ್ತೆ ಹಾಕುತ್ತೇನೆ. ಒಂದೇ ಹೆಸರು ಎರಡು ಸಲ ಬಂದರೆ ಚೆನ್ನಾಗಿರಲ್ಲ ಅನ್ನುವವರಿದ್ದಾರೆ. ಇರಲಿ.

1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಅನ್ನುವ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಬಟ್ಟೆ ಒಗೆಯುವ ಕೆಲಸವನ್ನು ಅದರ ಹೆಸರು ಎತ್ತದೆ ಬರೆದು ಜನರಿಗೆ ಕೇಳಿಸಿದರು. ವಿಷಯ ಏನಂತ ಮೊದಲೇ ಹೇಳಿಸಿಕೊಂಡವರಿಗೆ ಅರ್ಥವಾಯಿತು, ನೆನಪೂ ಉಳಿಯಿತು. ಕೇಳಿದ ಮೇಲೆ ಹೇಳಿಸಿಕೊಂಡವರಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ನಮ್ಮ ವರದಿಗಳಲ್ಲಿ ಹಿನ್ನೆಲೆ ಬರುವುದು ಕೊನೆಯ ಪ್ಯಾರಾದಲ್ಲೇ ಅಲ್ವಾ? ಅದನ್ನು ಮೇಲಕ್ಕೆ ತರುತ್ತೇನೆ, ಇಡೀ ಪ್ಯಾರಾ ಅಲ್ಲ, ಅರ್ಧ ವಾಕ್ಯ: ‘ಗರಿಷ್ಠ 124.80 ಅಡಿಯ ಕೆಆರ್‌ಎಸ್‌ನಲ್ಲಿ ಈಗ 98 ಅಡಿ ನೀರಿದೆ.’ ಎಲ್ಲರಿಗೂ ಗೊತ್ತಿರೋದನ್ನೇ ಯಾಕೆ ತುರುಕುತ್ತೀರಿ ಅಂತ ಮಂಡ್ಯದ ವರದಿಗಾರರು ಗೊಣಗುತ್ತಾರೆ. ಗೊತ್ತಿರುವವರು ಅದನ್ನು ಸುಮ್ನೆ ದಾಟಿ ಹೋಗುತ್ತಾರೆ, ಅವರಿಗೇನೂ ನಷ್ಟವಿಲ್ಲ. ಅಲ್ಲದೆ ರಾತ್ರಿ ಜಾಹೀರಾತು ಬಂದು ಪುಟದಲ್ಲಿ ಜಾಗ ಕಡಿಮೆಯಾದರೆ ನಾವು ಕತ್ತರಿಸುವುದು ಕೆಳಗಿನಿಂದ. ಮೊದಲು ಹೋಗುವುದೇ ಆ ಹಿನ್ನೆಲೆಯ ಪ್ಯಾರಾ.