ಯುದ್ಧದ ದುಡ್ಡಿಗೆ ಬಾಗಿಲು ತೆರೆದ ಗುರುವಾರ

2007ರ ಮೇ 24, ಗುರುವಾರ. ಅಮೆರಿಕದ ಕೆಳಮನೆಯಾದ ಹೌಸ್, ಇರಾಕ್ ಯುದ್ಧಕ್ಕೆ ಮತ್ತಷ್ಟು ಹಣ ಕೊಡುವ ತಿದ್ದುಪಡಿಯನ್ನು 280–142 ಮತಗಳಲ್ಲಿ ಒಪ್ಪಿತು. ಅದೇ ರಾತ್ರಿ ಮೇಲ್ಮನೆಯಾದ ಸೆನೆಟ್ 80–14ರಲ್ಲಿ ಒಪ್ಪಿಗೆ ಕೊಟ್ಟಿತು. ಮರುದಿನ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಆರೂವರೆ ತಿಂಗಳ ಹಿಂದೆ, 2006ರ ನವೆಂಬರ್ 7ರ ಚುನಾವಣೆಯಲ್ಲಿ, ಬಹುಮಟ್ಟಿಗೆ ಈ ಯುದ್ಧದ ಮೇಲಿನ ಜನರ ಸಿಟ್ಟಿನಿಂದಲೇ ಡೆಮಾಕ್ರಟಿಕ್ ಪಕ್ಷ ಎರಡೂ ಮನೆಗಳಲ್ಲಿ ಬಹುಮತ ಪಡೆದಿತ್ತು. ಆ ಗೆಲುವಿಗಾಗಿ ಬಾಗಿಲು ತಟ್ಟಿದ, ಫೋನ್ ಹಿಡಿದು ಕೂತ ನಮ್ಮಂಥ ಯುದ್ಧವಿರೋಧಿ ಕಾರ್ಯಕರ್ತರಿಗೆ ಆ ಗುರುವಾರ ದೊಡ್ಡ ಪೆಟ್ಟು. ಆದರೆ ಪೆಟ್ಟಿನ ಮಾತಿಗಿಂತ ಆ ದಿನ ಮತಗಳನ್ನು ಹೇಗೆ ಜೋಡಿಸಿದ್ದರು ಅನ್ನುವುದೇ ಹೇಳಬೇಕಾದ ವಿಷಯ. ಎಲ್ಲರ ಕಣ್ಣು 280–142ರ ಮೇಲಿತ್ತು. ಯುದ್ಧದ ದುಡ್ಡಿಗೆ ಬಾಗಿಲು ತೆರೆದದ್ದು ಅದಕ್ಕೂ ಮೊದಲಿನ ಇನ್ನೊಂದು ಮತ.

ಲೆಕ್ಕದಿಂದ ಶುರುಮಾಡೋಣ. ಹೌಸ್‌ನಲ್ಲಿ 435 ಸದಸ್ಯರು. ಎಲ್ಲರೂ ಮತ ಹಾಕಿದರೆ ಮಸೂದೆ ದಾಟಲು 218 ಬೇಕು. ಸೆನೆಟ್‌ನಲ್ಲಿ ನೂರು ಜನ, 51 ಸಾಕು ಅನಿಸುತ್ತದೆ, ಸಾಕಾಗುವುದಿಲ್ಲ. ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕುವುದಕ್ಕೇ 60 ಜನ ಬೇಕು. ಅಧ್ಯಕ್ಷರು ವೀಟೊ ಮಾಡಿದರೆ ಅದನ್ನು ಮೀರಲು ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗ. ಸೆನೆಟ್‌ನಲ್ಲಿ ಡೆಮಾಕ್ರಟರ ಬಲ ಸ್ವತಂತ್ರರನ್ನೂ ಸೇರಿಸಿ 51 ಮಾತ್ರ. ಅದರಲ್ಲಿ ದಕ್ಷಿಣ ಡಕೋಟಾದ ಟಿಮ್ ಜಾನ್ಸನ್ ಮಿದುಳಿನ ರಕ್ತಸ್ರಾವದಿಂದ ಸದನಕ್ಕೆ ಬರುವ ಸ್ಥಿತಿಯಲ್ಲಿರಲಿಲ್ಲ. ಕನೆಕ್ಟಿಕಟ್‌ನ ಜೋ ಲೀಬರ್‌ಮನ್ ಯುದ್ಧದ ವಿಷಯ ಬಂದಾಗಲೆಲ್ಲ ಬುಷ್ ಕಡೆಗೆ ನಿಲ್ಲುತ್ತಿದ್ದರು.

ಲೀಬರ್‌ಮನ್ ಅಲ್ಲಿ ಉಳಿದದ್ದೂ ಒಂದು ನಿಯಮದ ಬಲದಿಂದಲೇ. 2006ರ ಆಗಸ್ಟ್ 8ರ ಪಕ್ಷದ ಒಳಚುನಾವಣೆಯಲ್ಲಿ, ಅಂದರೆ ಪ್ರೈಮರಿಯಲ್ಲಿ, ಯುದ್ಧವಿರೋಧಿ ನೆಡ್ ಲ್ಯಾಮಂಟ್ ಅವರನ್ನು ಸೋಲಿಸಿದ್ದರು. ಸರಿಸುಮಾರು 52ಕ್ಕೆ 48. ಆದರೆ ಪ್ರೈಮರಿಯಲ್ಲಿ ಸೋತವರು ಬೇರೆ ಪಕ್ಷದ ಹೆಸರಿನಲ್ಲಿ ಮತ್ತೆ ನಿಲ್ಲಬಾರದೆಂಬ ಕಾನೂನು ಕನೆಕ್ಟಿಕಟ್‌ನಲ್ಲಿ ಇರಲಿಲ್ಲ. 7,500 ಸಹಿ ಬೇಕಿತ್ತು, ಕೊನೆಯ ದಿನ ಪ್ರೈಮರಿಯ ಮರುದಿನ. ಲೀಬರ್‌ಮನ್ ಕಡೆಯವರು ಸಹಿಗಳನ್ನು ಮೊದಲೇ ಕೂಡಿಟ್ಟಿದ್ದರು. ನವೆಂಬರ್‌ನಲ್ಲಿ ರಿಪಬ್ಲಿಕನ್ ಮತದಾರರು ತಮ್ಮದೇ ಅಭ್ಯರ್ಥಿಯನ್ನು ಶೇಕಡಾ 10ರ ಆಸುಪಾಸಿಗೆ ಬಿಟ್ಟು ಅವರ ಕಡೆ ಹೋದರು, ಅವರು ಗೆದ್ದರು. ಒಳಚುನಾವಣೆಗೆ ಇಳಿಯುವ ಯಾವ ಗುಂಪೂ ಅಭ್ಯರ್ಥಿಯನ್ನು ಹುಡುಕುವ ಮೊದಲು ಆ ರಾಜ್ಯದ ಈ ಒಂದು ನಿಯಮವನ್ನು ಓದಿಕೊಂಡಿರಬೇಕು.

ಈಗ 2007ರ ವಸಂತಕ್ಕೆ. ಯುದ್ಧದ ಖರ್ಚು ವಾರ್ಷಿಕ ಬಜೆಟ್ಟಿನ ಹೊರಗೆ ಪೂರಕ ಮಸೂದೆಗಳಲ್ಲಿ ಬರುತ್ತಿತ್ತು. ನಮ್ಮ ವಿಧಾನಸಭೆಯಲ್ಲಿ ಪೂರಕ ಅಂದಾಜು ಮಂಡಿಸುತ್ತಾರಲ್ಲ, ಆ ಜಾತಿಯದು. ಏಪ್ರಿಲ್ ಕೊನೆಯಲ್ಲಿ ಹೌಸ್ 218–208ರಲ್ಲಿ, ಸೆನೆಟ್ 51–46ರಲ್ಲಿ ಸುಮಾರು 12,400 ಕೋಟಿ ಡಾಲರಿನ ಮಸೂದೆ ಕಳಿಸಿದವು. ಅದರಲ್ಲಿ ಸೇನೆ ಇರಾಕಿನಿಂದ ಹಿಂತಿರುಗಲು ಶುರುಮಾಡುವ ವೇಳಾಪಟ್ಟಿ ಇತ್ತು. ಮೇ 1ರಂದು ಬುಷ್ ವೀಟೊ ಮಾಡಿದರು. ವಿಮಾನವಾಹಕ ಹಡಗಿನ ಮೇಲೆ ‘ಕಾರ್ಯ ಮುಗಿಯಿತು’ ಎಂಬ ಬ್ಯಾನರಿನ ಕೆಳಗೆ ಭಾಷಣ ಮಾಡಿ ಅಂದಿಗೆ ಸರಿಯಾಗಿ ನಾಲ್ಕು ವರ್ಷ. ಮೇ 2ರಂದು ವೀಟೊ ಮೀರಲು ಹೌಸ್‌ನಲ್ಲಿ ಸಿಕ್ಕಿದ್ದು 222–203. ಬಹುಮತವೇನೋ ಹೌದು, ಮೂರನೇ ಎರಡು ಭಾಗಕ್ಕೆ ಬಹಳ ದೂರ.

ಇಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ಮತ ಇಲ್ಲ, ಏನು ಮಾಡುವುದು? ಯುದ್ಧ ನಿಲ್ಲಿಸುವ ಕಾನೂನು ಮಾಡಲು ಮತ ಇರಲಿಲ್ಲ, ನಿಜ. ಆದರೆ ಹಣ ಕೊಡುವುದಕ್ಕೂ ಒಂದು ಕಾನೂನು ಬೇಕು. ಹೌಸ್‌ನಲ್ಲಿ ಯಾವ ಮಸೂದೆ ಮೇಜಿಗೆ ಬರಬೇಕು ಅನ್ನುವುದು ಬಹುಮತದ ಪಕ್ಷದ ಕೈಯಲ್ಲಿ. ವೇಳಾಪಟ್ಟಿ ಇಲ್ಲದ ಮಸೂದೆಯನ್ನು ತರುವುದಿಲ್ಲ ಎಂದು ಅವರು ಕೂತಿದ್ದರೆ ವೀಟೊ ಮಾಡಲು ಅಧ್ಯಕ್ಷರ ಮುಂದೆ ಏನೂ ಇರುತ್ತಿರಲಿಲ್ಲ. ಇದಕ್ಕೆ ಸೆನೆಟ್‌ನ 60 ಬೇಡ, ವೀಟೊ ಮೀರುವ ಹೌಸ್‌ನ 290 ಬೇಡ. ಬೇಕಿದ್ದದ್ದು ಧೈರ್ಯ.

‘ಗುಂಡು ಹಾರುತ್ತಿರುವಾಗ ಸೈನಿಕರ ಕೈಯಿಂದ ಮದ್ದುಗುಂಡು ಕಿತ್ತುಕೊಳ್ಳುತ್ತೀರಾ’ ಎಂಬ ಪ್ರಶ್ನೆಗೆ ಆ ಪಕ್ಷದ ನಾಯಕರು ಬೆಚ್ಚಿಬೀಳುತ್ತಿದ್ದರು. ಹಣ ನಿಂತರೆ ವಾಸ್ತವದಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಕಾಗದದ ಮೇಲೇ ಇತ್ತು. ಏಪ್ರಿಲ್ ಮಧ್ಯದಿಂದ ಸೇನೆಗೆ ತೊಂದರೆ ಶುರು ಎಂದು ಶ್ವೇತಭವನ ಹೇಳುತ್ತಿದ್ದಾಗ, ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಸಂಶೋಧನಾ ವಿಭಾಗ ಮಾರ್ಚ್ ಕೊನೆಯಲ್ಲೇ ಲೆಕ್ಕ ಕೊಟ್ಟಿತ್ತು: ಕೈಯಲ್ಲಿರುವ ಹಣದಲ್ಲಿ ಭೂಸೇನೆ ಮೇ ಕೊನೆಯವರೆಗೆ ನಡೆಯಬಲ್ಲದು, ಬೇರೆ ಖಾತೆಗಳಿಂದ ವರ್ಗಾಯಿಸುವ ಅಧಿಕಾರ ಬಳಸಿದರೆ ಜುಲೈನ ಬಹುಭಾಗ ದಾಟಬಲ್ಲದು. ಇದಲ್ಲದೆ 1861ರ ಹಳೆಯ ಕಾನೂನೊಂದಿದೆ. ಮಂಜೂರಾತಿ ಇಲ್ಲದಿದ್ದರೂ ಸೈನಿಕರ ಊಟ, ಬಟ್ಟೆ, ಇಂಧನ, ವಸತಿ, ಸಾಗಣೆ, ಔಷಧಕ್ಕೆ ಸಾಲ ಮಾಡಲು ಅದು ಅವಕಾಶ ಕೊಡುತ್ತದೆ. ಯಾರೂ ಮರುಭೂಮಿಯಲ್ಲಿ ಉಪವಾಸ ಬೀಳುತ್ತಿರಲಿಲ್ಲ. ಈ ಮೂರು ಸಂಗತಿಗಳನ್ನು ಬಾಯಿಪಾಠ ಮಾಡಿಕೊಳ್ಳದೆ ಯುದ್ಧದ ಹಣದ ಬಗ್ಗೆ ವಾದಕ್ಕೆ ಇಳಿದವರು ಮೊದಲ ಪ್ರಶ್ನೆಗೇ ಸೋಲುತ್ತಿದ್ದರು.

ಮೇಲ್ಪಂಕ್ತಿಯೂ ಇತ್ತು. 1973ರ ಜೂನ್‌ನಲ್ಲಿ ಕಾಂಬೋಡಿಯಾದ ಮೇಲಿನ ಬಾಂಬ್ ದಾಳಿಗೆ ಹಣ ನಿಲ್ಲಿಸುವ ಪೂರಕ ಮಸೂದೆಯನ್ನು ನಿಕ್ಸನ್ ವೀಟೊ ಮಾಡಿದರು. ಆಗ ಅಲ್ಲಿನ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತಿತ್ತು. ಅದೇ ಷರತ್ತನ್ನು ಸರ್ಕಾರ ನಡೆಯಲು ಬೇಕೇಬೇಕಾದ ಮಸೂದೆಗಳಿಗೆ ಮತ್ತೆ ಮತ್ತೆ ಅಂಟಿಸುವುದಾಗಿ ಸೆನೆಟ್ ನಾಯಕರು ಹೇಳಿದರು. ನಿಕ್ಸನ್ ಬಗ್ಗಿದರು, ಆಗಸ್ಟ್ 15ರ ಗಡುವಿಗೆ ಒಪ್ಪಿ ಸಹಿ ಹಾಕಿದರು. ಬಾಂಬ್ ದಾಳಿ ಆ ದಿನ ನಿಂತಿತು. ಆಗ ವಾಟರ್‌ಗೇಟ್ ಹಗರಣ ಅಧ್ಯಕ್ಷರನ್ನು ಹಣ್ಣುಮಾಡಿತ್ತು, ಕಾಂಗ್ರೆಸ್ಸಿನಲ್ಲಿ ವಿರೋಧಿಗಳ ಬಹುಮತವೂ ದೊಡ್ಡದಿತ್ತು, ಆ ವ್ಯತ್ಯಾಸವನ್ನು ಒಪ್ಪಲೇಬೇಕು. ಆದರೂ ವೀಟೊ ಬಂದ ಮೇಲೆ ಅದೇ ಷರತ್ತನ್ನು ಮತ್ತೆ ಕಳಿಸಬೇಕು ಅನ್ನುವ ದಾರಿ ಹೊಸದಾಗಿ ಕಂಡುಹಿಡಿಯಬೇಕಾದದ್ದಾಗಿರಲಿಲ್ಲ.

ಮೇ 24ಕ್ಕೆ ಬರುತ್ತೇನೆ. ಮೇ 28ರ ಸೋಮವಾರ ಮೆಮೋರಿಯಲ್ ಡೇ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ರಜೆ. ಅದಕ್ಕೆ ಮುಂಚೆ ಕೆಲಸ ಮುಗಿಸಿ ಸದಸ್ಯರು ಊರಿಗೆ ಹೋಗಬೇಕು. ಹಣ ಕೊಡದೆ ಆ ವಾರ ಸೈನಿಕರ ಸಮಾಧಿಗಳ ಮುಂದೆ ನಿಲ್ಲುವ ಭಯ ಪಕ್ಷದ ನಾಯಕರಿಗೆ ಇತ್ತು. ಆ ಒಂದೇ ತಿಂಗಳಲ್ಲಿ ಇರಾಕಿನಲ್ಲಿ 120ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಇರಾಕಿಗಳ ಸಾವು ಅದರ ಎಷ್ಟೋ ಪಟ್ಟು. ಹಣ ಕೊಟ್ಟದ್ದರಿಂದ ಯಾರು ಬದುಕಿಕೊಂಡರು ಎಂದು ಆ ಸಮಾಧಿಗಳ ಮುಂದೆ ಯಾರಾದರೂ ಕೇಳಬೇಕಿತ್ತು.

ಹೌಸ್‌ನಲ್ಲಿ ದೊಡ್ಡ ಮಸೂದೆ ಹಾಗೇ ಬರುವುದಿಲ್ಲ. ಮೊದಲು ರೂಲ್ಸ್ ಸಮಿತಿ ಒಂದು ನಿರ್ಣಯ ತರುತ್ತದೆ, ಅದಕ್ಕೆ ಅಲ್ಲಿ ‘ರೂಲ್’ ಎಂದೇ ಹೆಸರು. ಎಷ್ಟು ಹೊತ್ತು ಚರ್ಚೆ, ಯಾವ ತಿದ್ದುಪಡಿ, ಯಾವ ಕ್ರಮದಲ್ಲಿ ಮತ ಎಲ್ಲವೂ ಅದರಲ್ಲಿ. ರೂಲ್ ಬಿದ್ದರೆ ಮಸೂದೆ ಅಲ್ಲೇ ನಿಂತುಹೋಗುತ್ತದೆ. ಅಂದಿನ ರೂಲ್ ಮಸೂದೆಯನ್ನು ಎರಡು ತುಂಡು ಮಾಡಿತು. ಒಂದು ತುಂಡಿನಲ್ಲಿ ದೇಶದೊಳಗಿನ ಖರ್ಚು, ಜೊತೆಗೆ ಕನಿಷ್ಠ ಕೂಲಿಯನ್ನು ಗಂಟೆಗೆ 5.15 ಡಾಲರಿನಿಂದ ಮೂರು ಹಂತದಲ್ಲಿ 7.25ಕ್ಕೆ ಏರಿಸುವ ಅಂಶ. ಇನ್ನೊಂದರಲ್ಲಿ ಸುಮಾರು 9,500 ಕೋಟಿ ಡಾಲರಿನ ಯುದ್ಧದ ಹಣ, ಇರಾಕ್ ಸರ್ಕಾರಕ್ಕೆ 18 ಗುರಿಗಳು, ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಎರಡು ವರದಿಗಳು. ಗಡುವು ಇಲ್ಲ. ಎರಡಕ್ಕೂ ಪ್ರತ್ಯೇಕ ಮತ. ಎರಡೂ ದಾಟಿದರೆ ತಾವಾಗಿಯೇ ಕೂಡಿಕೊಂಡು ಸೆನೆಟ್‌ಗೆ ಹೋಗುತ್ತವೆ, ಒಟ್ಟು ಮಸೂದೆಗೆ ಕೊನೆಯ ಮತವೇ ಇಲ್ಲ.

ಇದರ ಫಲ ನೋಡಿ. ಯುದ್ಧದ ತುಂಡಿಗೆ ರಿಪಬ್ಲಿಕನ್ನರ 194 ಹೌದು, ಡೆಮಾಕ್ರಟರ 86 ಹೌದು. ಇಲ್ಲ ಅಂದವರಲ್ಲಿ 140 ಡೆಮಾಕ್ರಟರು. ಸ್ಪೀಕರ್ ನ್ಯಾನ್ಸಿ ಪೆಲೋಸಿಯವರೂ ಇಲ್ಲ ಅಂದರು. ಬಹುಮತದ ಪಕ್ಷದ ಬಹುಪಾಲು ಸದಸ್ಯರು ವಿರೋಧಿಸಿದ ಹಣ ಆ ಪಕ್ಷವೇ ಕಟ್ಟಿಕೊಟ್ಟ ದಾರಿಯಲ್ಲಿ ನಡೆದುಹೋಯಿತು. ಏಕೆಂದರೆ ಆ 140 ಜನರಲ್ಲಿ ಬಹುತೇಕರು ಸ್ವಲ್ಪ ಹೊತ್ತಿನ ಮುಂಚೆ ರೂಲ್‌ಗೆ ಹೌದು ಎಂದಿದ್ದರು. ಊರಿಗೆ ಹೋಗಿ ‘ನಾನು ಯುದ್ಧದ ಹಣಕ್ಕೆ ಮತ ಹಾಕಲಿಲ್ಲ’ ಎಂದು ಹೇಳಬಹುದು, ಅದು ಸುಳ್ಳಲ್ಲ. ಆದರೆ ಹಣ ತಡೆಯಬಹುದಾಗಿದ್ದ ಮತದಲ್ಲಿ ಅವರು ತಡೆಯಲಿಲ್ಲ. ಇದನ್ನು ನಾನು ಇಂದಿಗೂ ಕ್ಷಮಿಸಲಾರೆ.

ಆ ಬೆಳಗ್ಗೆ ಸದಸ್ಯರ ಕಚೇರಿಗಳಿಗೆ ಹೋದ ಬಹಳಷ್ಟು ಫೋನುಗಳು ‘ಯುದ್ಧದ ಹಣಕ್ಕೆ ಇಲ್ಲ ಅನ್ನಿ’ ಎಂದವು. ಕಚೇರಿಯವರು ಸಂತೋಷದಿಂದ ‘ಹೌದು, ಇಲ್ಲ ಅನ್ನುತ್ತಾರೆ’ ಎಂದರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ‘ರೂಲ್ ಮೇಲಿನ ಮತದಲ್ಲಿ ಏನು ಮಾಡುತ್ತೀರಿ?’ ಈ ಪ್ರಶ್ನೆಗೆ ಫೋನ್ ಎತ್ತಿಕೊಂಡ ಹುಡುಗ ಅಥವಾ ಹುಡುಗಿ ತಡವರಿಸಿದರೆ ಕರೆ ಸರಿಯಾದ ಜಾಗಕ್ಕೆ ತಾಕಿದೆ ಎಂದರ್ಥ. ಆಗ ರಕ್ಷಣಾ ವಿಷಯ ನೋಡಿಕೊಳ್ಳುವ ಸಹಾಯಕರನ್ನು ಕೇಳಬೇಕು. ರೂಲ್ಸ್ ಸಮಿತಿಯ ನಿರ್ಣಯ ಸಾಮಾನ್ಯವಾಗಿ ಹಿಂದಿನ ರಾತ್ರಿಯಷ್ಟೇ ಹೊರಬೀಳುತ್ತದೆ, ಹಾಗಾಗಿ ಬೆಳಗಿನ ಮೊದಲ ಗಂಟೆಗಳನ್ನು ಬಿಟ್ಟರೆ ಸಮಯವಿಲ್ಲ.

ಫೋನಿನ ರೀತಿಯೂ ಮುಖ್ಯ. ಸ್ವಂತ ಕ್ಷೇತ್ರದ ಸದಸ್ಯರಿಗೇ ಮಾಡಬೇಕು, ಪಿನ್ ಕೋಡ್ ಕೇಳಿಯೇ ಗುರುತು ಹಾಕಿಕೊಳ್ಳುತ್ತಾರೆ, ಹೊರಗಿನವರ ಕರೆ ಲೆಕ್ಕಕ್ಕಿಲ್ಲ. ಮಸೂದೆಯ ನಂಬರು ಹೇಳಬೇಕು, ಯಾವ ಮತ ಎಂದು ಹೇಳಬೇಕು, ಉತ್ತರ ಕೇಳಿ ಬರೆದುಕೊಳ್ಳಬೇಕು. ಮೂರು ವಾಕ್ಯ ಸಾಕು. ಯುದ್ಧದ ಇತಿಹಾಸವನ್ನೆಲ್ಲ ಹೇಳಲು ಹೋದರೆ ಆ ಕಡೆಯ ಎಣಿಕೆಯಲ್ಲಿ ಬೀಳುವುದು ಒಂದೇ ಗೆರೆ. ಅಂಚೆ ಕಾಗದ ಪ್ರಯೋಜನವಿಲ್ಲ. 2001ರ ಆಂಥ್ರಾಕ್ಸ್ ದಾಳಿಯ ನಂತರ ಕಾಂಗ್ರೆಸ್ಸಿಗೆ ಬರುವ ಅಂಚೆಯನ್ನು ವಿಕಿರಣಕ್ಕೆ ಒಡ್ಡಿ ಆಮೇಲೆ ತಲುಪಿಸುತ್ತಾರೆ, ಮತ ಮುಗಿದ ಎಷ್ಟೋ ದಿನಕ್ಕೆ ಕೈಗೆ ಸಿಗುತ್ತದೆ.

ಇಷ್ಟೆಲ್ಲ ಫೋನ್ ಏಕೆ ಎಂದು ಊರಿನ ಕಡೆಯವರು ಕೇಳುವುದುಂಟು. ನಮ್ಮಲ್ಲಿ ವಿಪ್ ಮೀರಿದ ಶಾಸಕರು ಸಂವಿಧಾನದ ಹತ್ತನೇ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧದ, ಪ್ರಕಾರ ಸ್ಥಾನ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ಆ ಕಾನೂನಿಲ್ಲ, ಒಬ್ಬೊಬ್ಬ ಸದಸ್ಯರನ್ನೂ ಪಕ್ಷದಿಂದ ಬಿಡಿಸಿ ಎಳೆಯಬಹುದು. ಎಚ್-1ಬಿ ವೀಸಾದಲ್ಲಿದ್ದ ಕನ್ನಡಿಗರು ‘ನಮಗೆ ಮತವಿಲ್ಲ’ ಎಂದು ಸುಮ್ಮನಾಗುತ್ತಿದ್ದರು. ಮತವಿಲ್ಲ, ಚುನಾವಣೆಗೆ ಒಂದು ಡಾಲರೂ ಕೊಡುವಂತಿಲ್ಲ, ಅದು ಅಪರಾಧ. ಆದರೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು, ತಾವಿರುವ ಕ್ಷೇತ್ರದ ಸದಸ್ಯರಿಗೆ ಫೋನ್ ಮಾಡಬಹುದು. ಗ್ರೀನ್ ಕಾರ್ಡ್ ಇದ್ದವರು ದೇಣಿಗೆಯನ್ನೂ ಕೊಡಬಹುದು. 2007–08ರಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 2,300 ಡಾಲರ್ ಮಿತಿ. ಪ್ರೈಮರಿ ಬೇರೆ ಚುನಾವಣೆ ಎಂದೇ ಲೆಕ್ಕ.

ತುಂಡು ಮಾಡುವ ಅದೇ ಉಪಾಯ ಮರುವರ್ಷ ನಾಯಕರಿಗೇ ತಿರುಗಿಬಿತ್ತು. 2008ರ ಮೇ 15ರಂದು ಯುದ್ಧದ ಹಣವನ್ನು ಮತ್ತೆ ಪ್ರತ್ಯೇಕ ಮತಕ್ಕೆ ಹಾಕಿದರು, ರಿಪಬ್ಲಿಕನ್ನರು ದಾಟಿಸುತ್ತಾರೆಂಬ ನಂಬಿಕೆಯಲ್ಲಿ. 132 ರಿಪಬ್ಲಿಕನ್ನರು ಹೌದೂ ಅನ್ನದೆ ಇಲ್ಲವೂ ಅನ್ನದೆ ‘ಹಾಜರು’ ಎಂದಷ್ಟೇ ಒತ್ತಿದರು. ಹಣ 141–149ರಲ್ಲಿ ಬಿದ್ದುಹೋಯಿತು. ಯುದ್ಧದ ಹಣ ಹೌಸ್‌ನಲ್ಲಿ ಬೀಳಬಹುದು, ಬಿದ್ದ ಮರುದಿನ ಆಕಾಶ ಕಳಚಿಬೀಳುವುದಿಲ್ಲ ಎಂದು ಅಂದು ಎಲ್ಲರೂ ನೋಡಿದರು. ಸೆನೆಟ್ ಅದನ್ನು ಮತ್ತೆ ಸೇರಿಸಿ ಕಳಿಸಿತು.

ಉಳಿದ ದಾರಿ ಪ್ರೈಮರಿ. ಮೇರಿಲ್ಯಾಂಡಿನ ನಾಲ್ಕನೇ ಕ್ಷೇತ್ರದ ಆಲ್ಬರ್ಟ್ ವಿನ್ 2002ರಲ್ಲಿ ಯುದ್ಧದ ಅನುಮತಿಗೆ ಹೌದು ಎಂದಿದ್ದ ಡೆಮಾಕ್ರಟ್. ಡೊನಾ ಎಡ್ವರ್ಡ್ಸ್ 2006ರಲ್ಲಿ ಅವರ ವಿರುದ್ಧ ಸ್ವಲ್ಪದರಲ್ಲಿ ಸೋತರು, ಎದ್ದುಹೋಗದೆ ಮತ್ತೆ ನಿಂತರು. 2008ರ ಫೆಬ್ರವರಿ 12ರಂದು, ಒಬಾಮಾ ಮತ್ತು ಕ್ಲಿಂಟನ್ ನಡುವಿನ ಪ್ರೈಮರಿಯೂ ಅದೇ ದಿನ ಇದ್ದಾಗ, ದೊಡ್ಡ ಅಂತರದಲ್ಲಿ ಗೆದ್ದರು. ವಿನ್ ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟರು. ಉಪಚುನಾವಣೆಯಲ್ಲೂ ಗೆದ್ದ ಎಡ್ವರ್ಡ್ಸ್ ಪ್ರಮಾಣವಚನ ಸ್ವೀಕರಿಸಿದ್ದು 2008ರ ಜೂನ್ 19ರಂದು. ಅದೇ ದಿನ ಹೌಸ್ ಸುಮಾರು 16,200 ಕೋಟಿ ಡಾಲರಿನ ಯುದ್ಧದ ಹಣವನ್ನು 268–155ರಲ್ಲಿ ದಾಟಿಸಿತು. ಹಿಂದಿನ ವರ್ಷ ಇಲ್ಲ ಎಂದವರು 142, ಈ ಸಲ 155.