ಎಡ ಮುಂಚಕ್ರದ ಬೇರಿಂಗ್: ಗುಂಯ್ ದನಿಯಿಂದ ಮೌನದವರೆಗೆ

ಜೂನ್ 8, ಭಾನುವಾರ. ಮೀಟರಿನಲ್ಲಿ 1,08,214 ಕಿ.ಮೀ.

ಮೂರು ವಾರಗಳಿಂದ ನನಗೊಬ್ಬನಿಗೇ ಕೇಳಿಸುತ್ತಿದ್ದ ಕಾರಿನ ದನಿ ಇಂದು ಅಪ್ಪನಿಗೂ ಕೇಳಿಸಿತು. ವೇಗ ನಲವತ್ತು ದಾಟಿದೊಡನೆ ಶುರುವಾಗುತ್ತದೆ, ವೇಗ ಏರಿದಂತೆ ತಾನೂ ಏರುತ್ತದೆ. ಪಕ್ಕದ ಬೀದಿಯಲ್ಲಿ ಹಿಟ್ಟಿನ ಗಿರಣಿ ಓಡುತ್ತಿದ್ದಂತೆ. ಒಂದು ಗ್ಯಾರೇಜಿನವರು ಇದು ಟೈರಿನ ದೋಷ, ನಾಲ್ಕನ್ನೂ ಬದಲಿಸಿ ಎಂದಿದ್ದರು. ಅರ್ಧವೂ ಸವೆಯದ ಟೈರುಗಳನ್ನು ಎಸೆಯಲು ಮನಸ್ಸು ಒಪ್ಪಲಿಲ್ಲ.

ಬೆಳಿಗ್ಗೆ ಆರಕ್ಕೆ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯತ್ತ ಮೇಲುರಸ್ತೆ ಹತ್ತಿದೆವು. ಟೈರಿನ ಸದ್ದಾಗಿದ್ದರೆ ರಸ್ತೆಯ ಮೈ ಬದಲಾದಾಗ ಅದೂ ಬದಲಾಗಬೇಕಿತ್ತು, ಬದಲಾಗಲಿಲ್ಲ. ಗೇರನ್ನು ನ್ಯೂಟ್ರಲ್‌ಗೆ ತಂದರೂ ನಿಲ್ಲಲಿಲ್ಲ, ಅಂದರೆ ಎಂಜಿನ್ನಿನದಲ್ಲ. ರಸ್ತೆ ಖಾಲಿ ಇದ್ದ ಕಡೆ ಸ್ಟಿಯರಿಂಗನ್ನು ತುಸುವೇ ಬಲಕ್ಕೆ ತಿರುಗಿಸಿದಾಗ ದನಿ ಗಡುಸಾಯಿತು, ಎಡಕ್ಕೆ ತಿರುಗಿಸಿದಾಗ ತಗ್ಗಿತು. ಬಲಕ್ಕೆ ಹೊರಳಿದಾಗ ಕಾರಿನ ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ, ಹಾಗಾಗಿ ನೋವಿರುವುದು ಎಡಗಡೆ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಅಪ್ಪ ಹೇಳಿದರು: "ನನ್ನ ಹತ್ತಿರದ್ದಲ್ಲ, ಮುಂದಿನಿಂದ ಬರುತ್ತಿದೆ ಕಣೋ."

ಜೂನ್ 14, ಶನಿವಾರ.

ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಎಡ ಮುಂಚಕ್ರವನ್ನು ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟೆ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಿದರೆ ಏನೂ ಅಲುಗಾಟವಿಲ್ಲ. ಇಲ್ಲಿಗೇ ನಿಂತಿದ್ದರೆ ಬೇರಿಂಗ್ (ಚಕ್ರ ನುಣುಪಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ) ಸರಿಯಿದೆ ಎಂದೇ ತೀರ್ಮಾನಿಸುತ್ತಿದ್ದೆ. ಆದರೆ ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯ ಬೆರಳುಗಳನ್ನು ಕಾಯಿಲ್ ಸ್ಪ್ರಿಂಗಿನ ಮೇಲಿಟ್ಟಾಗ ಒಳಗೆ ರವೆ ಉರುಳಿದಂತೆ ತರಿತರಿ ತಾಗಿತು. ಬಲಗಡೆ ಇದೇ ಪರೀಕ್ಷೆ ಮಾಡಿದೆ: ಎಣ್ಣೆಯಷ್ಟು ನುಣುಪು. ಅಲುಗಾಟ ಬರುವುದು ಕೊನೆಯ ಹಂತದಲ್ಲಿ. ಅಷ್ಟರವರೆಗೆ ಕಾಯಬಾರದು. ಅದು ಹೆಚ್ಚಿದರೆ ಬ್ರೇಕ್ ಪೆಡಲ್ ಆಳಕ್ಕಿಳಿಯಬಹುದು, ತೀರಾ ಹಾಳಾದರೆ ಚಕ್ರವೇ ಕಳಚಬಹುದು.

ಬೇರಿಂಗ್ ಎಷ್ಟು ಬಾಳಬೇಕು? 1.3ರಿಂದ 1.6 ಲಕ್ಷ ಕಿ.ಮೀ. ಎಂಬ ಲೆಕ್ಕ ಸಾಮಾನ್ಯವಾಗಿ ಕೇಳಿಬರುತ್ತದೆ, ಆದರೆ ನಮ್ಮ ಕಾರಿನ ಕೈಪಿಡಿಯಲ್ಲಿ ಇಷ್ಟು ಕಿ.ಮೀ.ಗೆ ಬದಲಿಸಿ ಎಂಬ ಮಾತಿಲ್ಲ, ಪರೀಕ್ಷಿಸಿ ಎಂದಷ್ಟೇ ಇದೆ. ಅದೇ ಸರಿ ಎನ್ನುತ್ತೇನೆ. ಒಂದೇ ದಿನ ಕೂರಿಸಿದ ಎರಡು ಬೇರಿಂಗುಗಳಲ್ಲಿ ಒಂದು ಸತ್ತಿದೆ, ಇನ್ನೊಂದು ಗಟ್ಟಿಯಾಗಿದೆ. ಎರಡೂ ಓಡಿದ ದೂರ ಒಂದೇ. ಎಡಚಕ್ರದ ಪಾಲಿಗೆ ಬಂದದ್ದು ರಸ್ತೆಯಂಚಿನ ಗುಂಡಿಗಳು, ಮೋರಿ ತುಂಬಿ ನಿಂತ ಮಳೆನೀರು. ಓಡಿ ಬಿಸಿಯಾದ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ಕೆಳಸೇತುವೆಯ ನೀರಿನಲ್ಲಿ ಎರಡು ಬಾರಿ ದಾಟಿದ್ದೇನೆ.

ಜೂನ್ 21, ಶನಿವಾರ.

ಜೆ.ಸಿ. ರಸ್ತೆಯಲ್ಲಿ ಬಿಲ್ ಸಮೇತ ಬೇರಿಂಗ್ ಕೊಂಡೆ. ಬೇರಿಂಗ್ ಕೂರುವ ಲೋಹದ ತೋಳನ್ನು, ಅಂದರೆ ಸ್ಟಿಯರಿಂಗ್ ನಕಲ್ (knuckle) ಅನ್ನು, ಕಾರಿನಿಂದ ಬಿಚ್ಚಿಕೊಂಡು ಕಲಾಸಿಪಾಳ್ಯದ ಒಂದು ಲೇತ್ ಅಂಗಡಿಗೆ ಹೋದೆ. ಹೈಡ್ರಾಲಿಕ್ ಪ್ರೆಸ್ ಇಲ್ಲದೆ ಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಹಬ್ ಹೊರಬಂದಾಗ ಬೇರಿಂಗಿನ ಒಳಬಳೆಯ ಅರ್ಧ ಅದಕ್ಕೇ ಕಚ್ಚಿಕೊಂಡಿತ್ತು. ಅದನ್ನು ಎಳೆದು ತೆಗೆದು ನೋಡಿದೆವು. ಗ್ರೀಸ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಗುಂಡುಗಳು ಓಡುವ ಹಾದಿಯಲ್ಲಿ ಒಂದೆಡೆ, ಉಗುರಿನಗಲ, ತೇವ ಹಿಡಿದ ಗೋಡೆಯ ಸುಣ್ಣದಂತೆ ಉಕ್ಕು ಪದರು ಎದ್ದಿತ್ತು. ಅಲ್ಲಿ ಉಗುರಾಡಿಸಿದೆ. ಸ್ಪ್ರಿಂಗಿನ ಮೇಲೆ ತಾಗಿದ ತರಿತರಿಯೇ.

ಹೊಸದನ್ನು ಕೂರಿಸುವ ಮುನ್ನ ಅಂಗಡಿಯ ಹಿರಿಯರು ಸವೆದ ಹಳೆಯ ಹೊರಬಳೆಯನ್ನೇ ಅದರ ಮೇಲಿಟ್ಟರು. "ನಕಲ್‌ಗೆ ಕೂರಿಸುವಾಗ ಹೊರಬಳೆಯನ್ನೇ ಒತ್ತಬೇಕು ಸರ್. ಒಳಬಳೆ ಒತ್ತಿದರೆ ಹೊಸ ಬೇರಿಂಗ್ ಇಲ್ಲೇ ಸಾಯುತ್ತದೆ." ಹಬ್ ಅನ್ನು ಒತ್ತುವಾಗ ಒಳಬಳೆಗೆ ಕೆಳಗಿನಿಂದ ಆಸರೆ ಕೊಟ್ಟರು. ಸುತ್ತಿಗೆಯನ್ನು ಹತ್ತಿರಕ್ಕೂ ತರಲಿಲ್ಲ. ನಮ್ಮ ಕಾರಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವುದರಿಂದ ಒಂದು ಬದಿಯ ಸೀಲಿನಲ್ಲಿ ಕಾಂತದ ಉಂಗುರವಿದೆ. ಅದು ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೇ ಇರಬೇಕು. ತಿರುಗುಮುರುಗಾದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು, ಬಿಚ್ಚಿದ ಬೇರಿಂಗ್ ಮತ್ತೆ ಬಳಕೆಗೆ ಬಾರದು.

ಮನೆಗೆ ಬಂದು ಆಕ್ಸಲ್‌ಗೆ ಹೊಸ ನಟ್ ಹಾಕಿ, ಕೈಪಿಡಿಯ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿದೆ. ಬಿಗಿಯುವವರೆಗೆ ಕಾರನ್ನು ಒಂದಡಿಯೂ ಉರುಳಿಸಲಿಲ್ಲ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರಿನ ಜೋಡಣೆ) ಬೋಲ್ಟ್ ಬಿಚ್ಚಿದ್ದರಿಂದ ಸಂಜೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದೆ.

ಜುಲೈ 20, ಭಾನುವಾರ. 1,09,060 ಕಿ.ಮೀ.

ಅದೇ ಮೇಲುರಸ್ತೆ, ಅದೇ ವೇಗ. ಗಿರಣಿ ನಿಂತಿದೆ. ಬಲಗಡೆಯದನ್ನು ಬದಲಿಸಿಲ್ಲ. ಶಾಕ್ ಅಬ್ಸಾರ್ಬರಿನಂತೆ ಇದನ್ನು ಜೋಡಿಯಾಗಿ ಬದಲಿಸಲೇಬೇಕೆಂದಿಲ್ಲ. ಈ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಬಲಗಡೆಯ ಸ್ಪ್ರಿಂಗಿನ ಮೇಲೆ ಮತ್ತೆ ಬೆರಳಿಟ್ಟು ನೋಡುತ್ತೇನೆ.